ಡೋಣಿಯಿಂದ ಖಾನಾಪುರದವರೆಗೆ: ಎರೆಮಣ್ಣಿನ ಬಿರುಕು ಅಳೆಯುತ್ತ ಒಂದು ತಿರುಗಾಟ

ಕಪ್ಪು ಮಣ್ಣು ಅಂದರೆ ಎಲ್ಲ ಕಡೆ ಒಂದೇ ಅನ್ನುವವರ ಜೊತೆ ನನಗೆ ಯಾವಾಗಲೂ ಜಗಳ. ವಿಜಯಪುರದ ಎರೆಹೊಲವೂ ಬೈಲಹೊಂಗಲದ ಎರೆಹೊಲವೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ, ನಿಜ. ಆದರೆ ಮಣ್ಣಿನ ಸರ್ವೇ ಮಾಡುವವರು ಎರಡಕ್ಕೂ ಒಂದೇ ಹೆಸರು ಕೊಡಬೇಕು ಅಂತೇನಿಲ್ಲ. ಯಾಕೆಂದರೆ ಮಣ್ಣಿನ ಹೆಸರಿನಲ್ಲಿ ಆ ಊರಿನ ಮಳೆಯೂ ಸೇರಿರುತ್ತದೆ. ಇದನ್ನು ಹೊಲದಲ್ಲೇ ನಿಂತು ನೋಡೋಣ ಅಂತ ಯುಗಾದಿ ಮುಗಿದ ಮೇಲೆ ಹೊರಟೆವು. ನಾನು ಮಣ್ಣು ನೋಡುವವನು, ಜೊತೆಗಿದ್ದ ಗೆಳೆಯ ಮಳೆ ಲೆಕ್ಕ ಇಡುವವನು. ಅವನ ಹಳೇ ಕಾರು, ನನ್ನ ಚೀಲದಲ್ಲಿ ಟೇಪು, ಚಾಕು, ನೀರಿನ ಸ್ಪ್ರೇ, ನೀರು ಬೆರೆಸಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್‌ನ ಚಿಕ್ಕ ಬಾಟಲಿ, ಬಣ್ಣ ನೋಡುವ ಮುನ್ಸೆಲ್ ಪುಸ್ತಕ. ಏಪ್ರಿಲ್‌ನಲ್ಲಿ ಯಾಕೆ ಹೋದಿರಿ, ಬಿಸಿಲಿಗೆ ಸಾಯೋಕಾ ಅಂತ ಮನೆಯಲ್ಲಿ ಕೇಳಿದರು. ಎರೆಮಣ್ಣು ಬಾಯಿ ಬಿಡುವುದೇ ಆಗ. ಮಳೆಗಾಲದಲ್ಲಿ ಹೋದರೆ ನೋಡುವುದಕ್ಕೆ ಬಿರುಕೇ ಇರುವುದಿಲ್ಲ, ಹೊಲದೊಳಗೆ ಕಾಲಿಡುವುದಕ್ಕೂ ಆಗುವುದಿಲ್ಲ.

ಮೊದಲ ದಿನ: ವಿಜಯಪುರ, ಡೋಣಿ ದಂಡೆ

ಬೆಳಿಗ್ಗೆ ಆರಕ್ಕೆಲ್ಲ ವಿಜಯಪುರ ಬಿಟ್ಟೆವು. ಬಸ್ ಸ್ಟ್ಯಾಂಡ್ ಹತ್ತಿರ ಚುರುಮುರಿ ಸೂಸಲ, ಜೊತೆಗೆ ಬಿಸಿ ಮಿರ್ಚಿ ಭಜಿ. ಈ ಕಡೆ ಹೊಲ ಸುತ್ತುವವರು ಹೊಟ್ಟೆ ತುಂಬಿಸಿಕೊಂಡೇ ಹೊರಡಬೇಕು. ಹತ್ತು ಗಂಟೆ ದಾಟಿದರೆ ಬಿಸಿಲಿಗೆ ಊಟ ರುಚಿಸುವುದಿಲ್ಲ, ಬರೀ ಮಜ್ಜಿಗೆ ಬೇಕು ಅನಿಸುತ್ತದೆ.

ಡೋಣಿ ಕಣಿವೆ ಕಡೆ ರಸ್ತೆ ಇಳಿಯುತ್ತ ಹೋದಂತೆ ಹೊಲಗಳು ದೊಡ್ಡದಾಗುತ್ತವೆ, ಗಿಡಗಳು ಕಡಿಮೆಯಾಗುತ್ತವೆ. ಕಣ್ಣು ಹಾಯುವವರೆಗೂ ಕಪ್ಪು ನೆಲ. ಬಿಳಿಜೋಳ, ಕಡಲೆ ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು. 'ಡೋಣಿ ಹರಿದರೆ ಓಣೆಲ್ಲ ಜೋಳ' ಅನ್ನುವ ಮಾತು ಇಲ್ಲಿಯದೇ. ನದಿ ದಂಡೆಯಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ಡೋಣಿ ನೀರು ಉಪ್ಪು, ಅದರ ಅಕ್ಕಪಕ್ಕದ ನೆಲದಲ್ಲೂ ಅಲ್ಲಲ್ಲಿ ಉಪ್ಪಿನ ಅಂಶ ಇದೆ.

ಮಣ್ಣನ್ನು ಓದಬೇಕು ಅಂದರೆ ಅದನ್ನು ಕಡಿದು ನೋಡಬೇಕು. ಆಳೆತ್ತರದ ಗುಂಡಿ ತೋಡಿಸೋಕೆ ಆಳು ಬೇಕು, ದಿನ ಬೇಕು. ನಾವು ಬೇರೆ ದಾರಿ ಹಿಡಿದೆವು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಈ ಜಿಲ್ಲೆಗಳಲ್ಲಿ ಕೃಷಿ ಹೊಂಡಗಳು ಬೇಕಾದಷ್ಟಾಗಿವೆ. ಹೊಸದಾಗಿ ತೋಡಿದ, ಇನ್ನೂ ಪ್ಲಾಸ್ಟಿಕ್ ಹಾಸದ ಹೊಂಡ ಸಿಕ್ಕರೆ ಅದರ ಗೋಡೆಯನ್ನು ಚಾಕುವಿನಿಂದ ಒಂದು ಗೇಣು ಕೆತ್ತಿ ಸ್ವಚ್ಛ ಮಾಡಿಕೊಂಡರೆ ಸಾಕು, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಮಣ್ಣು ಕಾಣುತ್ತದೆ. ಹೊಲದ ಯಜಮಾನರನ್ನು ಕೇಳಿಯೇ ಇಳಿಯಬೇಕು. ಒಬ್ಬರೇ ಇಳಿಯಲೇಬಾರದು, ಒಣಗಿದ ಎರೆಮಣ್ಣಿನ ಗೋಡೆ ಯಾವಾಗ ಬೇಕಾದರೂ ಹೆಂಟೆ ಹೆಂಟೆಯಾಗಿ ಕುಸಿಯುತ್ತದೆ.

ಹೊಂಡದ ಯಜಮಾನರು ಎಪ್ಪತ್ತು ದಾಟಿದ ಅಜ್ಜ. "ಬ್ಯಾಂಕಿನವರೇನ್ರೀ?" ಅಂತ ಕೇಳಿದರು. ಅಲ್ಲ ಅಜ್ಜಾರ, ಮಣ್ಣು ನೋಡೋಕೆ ಬಂದೀವಿ ಅಂದೆ. "ನೋಡ್ರಿ ನೋಡ್ರಿ, ನಾ ಹುಟ್ಟಿದಾಗಿಂದ ಇದನ್ನ ನೋಡಾಕತ್ತೀನಿ" ಅಂದವರು ಹೊಂಡದ ದಂಡೆ ಮೇಲೆ ಟವೆಲ್ ಹಾಸಿ ಕುಳಿತೇಬಿಟ್ಟರು.

ಮೇಲಿನ ಒಂದು ಗೇಣು ಕಾಳು ಕಾಳಾಗಿ ಉದುರುವ ಮಣ್ಣು. ಅದರ ಕೆಳಗೆ ಕಲ್ಲಿನಂಥ ಗಟ್ಟಿ ಹೆಂಟೆಗಳು. ಮೊಳಕಾಲಿನಷ್ಟು ಆಳಕ್ಕೆ ಹೋದ ಮೇಲೆ ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ಒಂದು ಹೆಂಟೆ ಕಿತ್ತರೆ ಅದರ ಮೈ ಓರೆಯಾಗಿ, ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಇದಕ್ಕೆ ಸರ್ವೇಯವರು ಸ್ಲಿಕನ್‌ಸೈಡ್ ಅನ್ನುತ್ತಾರೆ. ಈ ಮಣ್ಣಿನ ಜೇಡಿಯಲ್ಲಿ ಸ್ಮೆಕ್ಟೈಟ್ ಅನ್ನುವ ಖನಿಜ ಜಾಸ್ತಿ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಆಳದಲ್ಲಿ ಉಬ್ಬಿದ ಮಣ್ಣಿಗೆ ಹೋಗೋಕೆ ಜಾಗ ಇಲ್ಲ, ಒಂದರ ಮೇಲೊಂದು ಒತ್ತಿ ಜಾರುತ್ತದೆ. ಹಾಗೆ ವರ್ಷವರ್ಷವೂ ಉಜ್ಜಿ ಉಜ್ಜಿ ಬಂದ ಹೊಳಪು ಅದು.

ಹೀಗೆ ಉಬ್ಬಿ ಕುಗ್ಗಿ ಬಿರುಕು ಬಿಡುವ ಜೇಡಿಮಣ್ಣಿನ ಗುಂಪಿಗೆ ಸರ್ವೇಯವರು ಇಟ್ಟ ಹೆಸರು ವರ್ಟಿಸಾಲ್. ಹಾಗೆ ಕರೆಯಬೇಕಾದರೆ ಮೂರು ವಿಷಯ ನೋಡಬೇಕು. ಒಂದು ಮೀಟರ್ ಆಳದೊಳಗೆ ಈ ಹೊಳೆಯುವ ಮೈ ಇರುವ ಪದರ ಕನಿಷ್ಠ 25 ಸೆಂಟಿಮೀಟರ್ ದಪ್ಪ ಇರಬೇಕು. ಮೇಲಿನಿಂದ ಅರ್ಧ ಮೀಟರ್‌ವರೆಗೂ ಜೇಡಿ ಶೇ. 30ಕ್ಕೆ ಕಡಿಮೆ ಇರಬಾರದು. ಬಿರುಕು ಬಿಟ್ಟು ಮತ್ತೆ ಮುಚ್ಚುತ್ತಿರಬೇಕು. ಗಮನಿಸಿ, ಕಪ್ಪು ಬಣ್ಣದ ಮಾತೇ ಇದರಲ್ಲಿ ಇಲ್ಲ. ಬಣ್ಣವನ್ನು ನಾವೂ ಬರೆದುಕೊಂಡೆವು, ಒದ್ದೆ ಮಾಡಿ ನೋಡಿದರೆ ಮುನ್ಸೆಲ್ ಪುಸ್ತಕದ 10 ವೈಆರ್ 3/1, ಅಂದರೆ ಕಡುಬೂದು. ಈ ಬಣ್ಣ ನೋಡುವುದಕ್ಕೆ ನೆತ್ತಿ ಬಿಸಿಲೇ ಬೇಕು, ಬೆಳಗಿನ ಕೆಂಪು ಬೆಳಕಲ್ಲಿ ನೋಡಿದರೆ ಓದುವುದು ತಪ್ಪುತ್ತದೆ, ತಂಪು ಕನ್ನಡಕವನ್ನೂ ತೆಗೆಯಬೇಕು. ಕಪ್ಪಗಿದೆ ಅಂದರೆ ಗೊಬ್ಬರದ ಅಂಶ ಜಾಸ್ತಿ ಅಂತ ತುಂಬ ಜನ ನಂಬಿದ್ದಾರೆ. ಇಲ್ಲಿ ಸಾವಯವ ಇಂಗಾಲ ತೀರಾ ಕಡಿಮೆ.

ಜೇಡಿ ಎಷ್ಟು ಅಂತ ಅಂದಾಜು ಮಾಡೋಕೆ ಲ್ಯಾಬೇ ಬೇಕಿಲ್ಲ. ಮಣ್ಣನ್ನು ನೀರಲ್ಲಿ ಕಲಸಿ ಹೆಬ್ಬೆರಳಿನಿಂದ ಒತ್ತುತ್ತ ಪಟ್ಟಿ ಮಾಡಿದೆ. ಐದು ಸೆಂಟಿಮೀಟರ್ ದಾಟಿದರೂ ಕಡಿಯಲಿಲ್ಲ, ಅಂದರೆ ಜೇಡಿ ಮಣ್ಣೇ. ಆಸಿಡ್ ಹನಿ ಹಾಕಿದರೆ ಮೇಲ್ಮಣ್ಣೇ ಬುಸ್ ಅಂತ ನೊರೆ ಬಂತು. ಸುಣ್ಣ ಮೇಲಿನಿಂದಲೇ ಇದೆ, ಕೆಳಗೆ ಹರಳುಗಳಾಗಿ ಕಾಣುತ್ತದೆ. ಅದನ್ನು ಕೆಳಕ್ಕೆ ತೊಳೆದುಕೊಂಡು ಹೋಗುವಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಹೊಂಡದ ತಳದಲ್ಲಿ ಹಳದಿ ಗರಸು, ಅದು ಕೊಳೆತ ಕಪ್ಪುಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ.

ಇಷ್ಟು ಮಣ್ಣಿನ ಕೆಲಸ. ಈಗ ಗೆಳೆಯನ ಸರದಿ. ಈ ಮಣ್ಣಿಗೆ ಪೂರ್ತಿ ಹೆಸರು ಇಡಬೇಕಾದರೆ ವರ್ಷದಲ್ಲಿ ಎಷ್ಟು ದಿನ ಬಿರುಕು ತೆರೆದಿರುತ್ತದೆ ಅಂತ ಗೊತ್ತಿರಬೇಕು. ಕನಿಷ್ಠ 5 ಮಿಲಿಮೀಟರ್ ಅಗಲದ ಬಿರುಕು, ಮೇಲಿನ ಅರ್ಧ ಮೀಟರ್‌ನೊಳಗೆ ಕನಿಷ್ಠ 25 ಸೆಂಟಿಮೀಟರ್ ದಪ್ಪಕ್ಕೆ ಇರಬೇಕು. ಹ್ಯಾಪ್ಲಸ್ಟರ್ಟ್ ಅನ್ನುವುದು ವರ್ಟಿಸಾಲ್‌ನ ಒಂದು ಒಳಗುಂಪು. ಬಿರುಕು 210 ದಿನ ಅಥವಾ ಜಾಸ್ತಿ ತೆರೆದಿದ್ದರೆ ಏರಿಡಿಕ್ (ಒಣ ಕಡೆಯ) ಹ್ಯಾಪ್ಲಸ್ಟರ್ಟ್, 150ಕ್ಕಿಂತ ಕಡಿಮೆ ಇದ್ದರೆ ಯೂಡಿಕ್ (ತೇವದ ಕಡೆಯ) ಹ್ಯಾಪ್ಲಸ್ಟರ್ಟ್. ನಡುವೆ ಬಿದ್ದು ಬೇರೇನೂ ವಿಶೇಷ ಇಲ್ಲದಿದ್ದರೆ ಟಿಪಿಕ್. ಅದೂ ಯಾವುದೋ ಒಂದು ಬರಗಾಲದ ವರ್ಷದ ಲೆಕ್ಕ ನಡೆಯುವುದಿಲ್ಲ. ಮೂವತ್ತು ವರ್ಷಕ್ಕೆ ಕಡಿಮೆ ಇಲ್ಲದ ಮಳೆ ದಾಖಲೆ ಇಟ್ಟುಕೊಂಡು, ಸಾಮಾನ್ಯ ವರ್ಷ ಯಾವುದು ಅಂತ ತೆಗೆದು, ಅದರಲ್ಲಿ ನೋಡಬೇಕು.

ವಿಜಯಪುರಕ್ಕೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್‌ನಲ್ಲಿ. ಗೆಳೆಯ ಲ್ಯಾಪ್‌ಟಾಪ್ ತೆಗೆದು ಗ್ರಾಫ್ ತೋರಿಸುತ್ತಿದ್ದ. ನಾನು ಅಜ್ಜನನ್ನೇ ಕೇಳಿದೆ, ಸೀಳು ಯಾವಾಗ ಬೀಳ್ತಾವ ಅಂತ.

"ಎಳ್ಳಮಾಸಿ ಹೊತ್ತಿಗೆ ಜ್ವಾಳದಾಗ ಸೀಳು ಶುರು ಆಗತಾವ್ರೀ. ಹುಬ್ಬಿ ಮಳಿ, ಉತ್ತರಿ ಮಳಿ ಚಲೋ ಹೊಡದ್ರ ಮುಚ್ಚತಾವ."

ಮಿರಗದ (ಜೂನ್‌ನ ಮೃಗಶಿರಾ) ಮಳೆಗೆ ಮುಚ್ಚುವುದಿಲ್ವಾ ಅಂದೆ.

"ಮ್ಯಾಲ ಮುಚ್ಚತಾವ. ಒಳಗ ಬಾಯಿ ತೆರದ ಇರತಾವ. ಕೋಲು ಹಾಕಿದ್ರ ಸರ್ರ್ ಅಂತ ಇಳೀತೈತಿ."

ಗೆಳೆಯ ಬೆರಳು ಮಡಚಿ ಎಣಿಸಿದ. ಎಳ್ಳಮಾಸಿ ಅಂದರೆ ಡಿಸೆಂಬರ್ ಕೊನೆ, ಅಲ್ಲಿಂದ ಹುಬ್ಬಿ ಮಳೆಯ ಸೆಪ್ಟೆಂಬರ್ ಮೊದಲ ವಾರ. ನಡುವೆ ಒಂದು ತಿಂಗಳು ಒದ್ದೆಯಾಗಿ ಮುಚ್ಚಿತ್ತು ಅಂತ ಕಳೆದರೂ 210 ದಾಟುತ್ತದೆ. ಅವನ ಗ್ರಾಫೂ ಅದನ್ನೇ ಹೇಳುತ್ತಿತ್ತು. ಮಳೆ ನಕ್ಷತ್ರ ಹಿಡಿದು ಕೇಳಿದರೆ ರೈತರು ಇಷ್ಟು ಖಚಿತವಾಗಿ ಹೇಳುತ್ತಾರೆ. ತಿಂಗಳ ಹೆಸರಿನಲ್ಲಿ ಕೇಳಿದ್ದರೆ ಈ ಉತ್ತರ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಸರ್ವೇಗೆ ಹೋಗುವ ಹೊಸ ಹುಡುಗ ಹುಡುಗಿಯರು ಮಳೆ ನಕ್ಷತ್ರಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗಬೇಕು.

ಮಧ್ಯಾಹ್ನ ಅಜ್ಜನ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಡಕಿ ಕಾಳು, ಮೊಸರು. ಬೇಡ ಅಂದರೂ ಬಿಡಲಿಲ್ಲ. ಈ ರೊಟ್ಟಿಯ ಜೋಳ ಹಿಂಗಾರಿಯದು. ಬಿತ್ತಿದ ಮೇಲೆ ಬೀಳುವ ಮಳೆ ಸ್ವಲ್ಪವೇ. ಮಣ್ಣಿನೊಳಗೆ ಕೂತ ನೀರಿನಲ್ಲೇ ಅದು ತೆನೆ ಕಟ್ಟುತ್ತದೆ. ಒಳ್ಳೇ ಎರೆಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ 150ರಿಂದ 200 ಮಿಲಿಮೀಟರ್ ನೀರು ಹಿಡಿದಿಡುತ್ತದೆ. ಅದಕ್ಕೇ ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ಚೌಕುಮಡಿ ಕಟ್ಟಿ, ಬಿದ್ದ ನೀರನ್ನೆಲ್ಲ ಒಳಗೆ ಇಳಿಸುವುದು. ಬೆಳೆ ನಿಂತ ಮೇಲೆ ಎಡೆ ಹೊಡೆಯುತ್ತ ಇರುವುದೂ ಬರೀ ಕಳೆಗಲ್ಲ, ಬಿರುಕಿನ ಬಾಯಿ ಮುಚ್ಚಿ ಒಳಗಿನ ತೇವ ಉಳಿಸುವುದಕ್ಕೆ. "ಎಡಿ ಹೊಡದಷ್ಟೂ ಜ್ವಾಳ" ಅಂದರು ಅಜ್ಜ.

ಮರುದಿನ: ಕೊಲ್ಹಾರ, ಬೀಳಗಿ, ಅಡ್ಡಮಳೆ

ಕೊಲ್ಹಾರಕ್ಕೆ ಹೋಗಿ ಮೊಸರು ತಿನ್ನದೆ ಬರುವ ಹಾಗಿಲ್ಲ. ಮಡಕೆಯಲ್ಲಿ ಹೆಪ್ಪಾದ ಗಟ್ಟಿ ಮೊಸರು, ಸ್ವಲ್ಪ ಸಕ್ಕರೆ. ಕೃಷ್ಣೆಯ ಉದ್ದ ಸೇತುವೆ ದಾಟುವಾಗ ಎರಡೂ ಕಡೆ ಆಲಮಟ್ಟಿಯ ಹಿನ್ನೀರು ಇಳಿದುಹೋಗಿ ದಂಡೆಯ ಕಪ್ಪು ಕೆಸರು ಅಗಲವಾಗಿ ಬಿರಿದಿತ್ತು.

ಕೊಲ್ಹಾರಕ್ಕೆ ಮುಂಚೆ ಒಂದು ಏರಿನಲ್ಲಿ ರಸ್ತೆ ಅಗಲ ಮಾಡೋಕೆ ಕಡಿದ ಜಾಗದಲ್ಲಿ ನಿಂತೆವು. ಅಲ್ಲಿ ಕಪ್ಪು ಮಣ್ಣು ಒಂದೂವರೆ ಗೇಣು ಅಷ್ಟೇ, ಕೆಳಗೆಲ್ಲ ಗರಸು. ಬಣ್ಣ ಅದೇ, ಮಳೆ ಅದೇ, ಆದರೆ ಹೊಳೆಯುವ ಮೈ ಆಗುವಷ್ಟು ಆಳವೇ ಇಲ್ಲ. ಇದು ವರ್ಟಿಸಾಲ್ ಅಲ್ಲ, ಇನ್ಸೆಪ್ಟಿಸಾಲ್, ಅಂದರೆ ಇನ್ನೂ ಪೂರ್ತಿ ಬಲಿಯದ ಮಣ್ಣುಗಳ ಗುಂಪಿಗೆ ಹೋಗುತ್ತದೆ. ಏರಿನಲ್ಲಿ ತೆಳು, ತಗ್ಗಿನಲ್ಲಿ ಆಳ. ಈ ಭಾಗದ ಮಣ್ಣು ಇರುವುದೇ ಹೀಗೆ. ರಾಷ್ಟ್ರೀಯ ಮಣ್ಣು ಸರ್ವೇಕ್ಷಣಾ ಬ್ಯೂರೋ ರಾಜ್ಯಕ್ಕೆಲ್ಲ ಮಾಡಿದ ಹಳೇ ನಕ್ಷೆ 1:2,50,000 ಅಳತೆಯದು, ಅದರಲ್ಲಿ ಇಂಥ ಏರು ತಗ್ಗು ಒಂದೇ ಬಣ್ಣದಲ್ಲಿ ಮುಳುಗಿಹೋಗುತ್ತದೆ. ರಾಜ್ಯದ ಜಲಾನಯನ ಯೋಜನೆಯಾದ ಸುಜಲಾ-3ರಲ್ಲಿ ಸರ್ವೇ ನಂಬರ್ ಕಾಣುವ ಹಾಗೆ 1:7,920 ಅಳತೆಯಲ್ಲಿ ಮಾಡಿದ ನಕ್ಷೆಗಳೇ ರೈತರಿಗೆ ಉಪಯೋಗಕ್ಕೆ ಬರುವಂಥವು. ಬಾವಿ ತೋಡುವ, ದ್ರಾಕ್ಷಿ ಹಾಕುವ ಮುಂಚೆ ಅದನ್ನು ನೋಡಬೇಕು.

ಬೀಳಗಿ ದಾಟಿ ಒಳರಸ್ತೆಗೆ ಇಳಿದಿದ್ದೆವು. ನಾಲ್ಕು ಗಂಟೆಗೆ ಪಡುವಣದಲ್ಲಿ ಮೋಡ ಎದ್ದಿತು. ಗಾಳಿ, ಧೂಳು, ಆಮೇಲೆ ದಪ್ಪ ಹನಿ, ನಡುವೆ ಒಂದಿಷ್ಟು ಆಲಿಕಲ್ಲು. ಕಾರಿನಲ್ಲಿ ಕೂತು ಪಕ್ಕದ ಹೊಲ ನೋಡುತ್ತಿದ್ದೆ. ಅಷ್ಟು ಜೋರು ಮಳೆಗೂ ಹೊಲದಲ್ಲಿ ನೀರು ನಿಲ್ಲುತ್ತಿಲ್ಲ! ಎಲ್ಲ ಬಿರುಕುಗಳ ಒಳಗೆ ಹರಿದು ಹೋಗುತ್ತಿತ್ತು. ಮಳೆ ನಿಂತ ಮೇಲೆ ಕಾರು ಹೊರಡಿಸಿದರೆ ಚಕ್ರ ಅಲ್ಲೇ ತಿರುಗಿತು. ಎರೆಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರ ತಿರುಗುವುದೇ ನಿಂತುಹೋಯಿತು. ಚಪ್ಪಲಿ ಒಂದೊಂದು ಕಿಲೋ ತೂಗುತ್ತಿತ್ತು. ಈ ಕಡೆ ಒಳರಸ್ತೆಗೆ ಹೋಗುವವರು ಒಂದು ಗಟ್ಟಿ ಹಗ್ಗ, ಒಂದು ಕುರ್ಪಿ ಇಟ್ಟುಕೊಂಡಿರಿ. ಮಣ್ಣು ಮೆತ್ತಗಿರುವಾಗಲೇ ಕೆತ್ತಿ ತೆಗೆಯಬೇಕು, ಒಣಗಿದರೆ ಸುತ್ತಿಗೆ ಬೇಕಾಗುತ್ತದೆ.

ಟ್ರ್ಯಾಕ್ಟರ್‌ನಲ್ಲಿ ಬಂದ ಹುಡುಗನೊಬ್ಬ ಹಗ್ಗ ಕಟ್ಟಿ ಎಳೆದು ಹಾಕಿದ. ದುಡ್ಡು ಕೊಡೋಕೆ ಹೋದರೆ ಮುಖ ಗಂಟು ಹಾಕಿದ. "ಏನ್ ಸರ್, ಮಳಿ ತಂದೀರಿ, ನಿಮಗ ರೊಕ್ಕ ನಾವ ಕೊಡಬೇಕು" ಅಂದ. ಕತ್ತಲಾಗಿತ್ತು, ಅವನ ಮನೆಯಲ್ಲೇ ಉಳಿದೆವು. ಅವನ ಅವ್ವ ಪುಂಡಿ ಪಲ್ಯ ಮಾಡಿದ್ದರು. ಬಾಗಲಕೋಟೆಯ ಹೋಳಿ ಬಣ್ಣದ ಬಂಡಿಯ ಕಥೆ ಹೇಳುತ್ತ ಅವನು ಹನ್ನೊಂದರವರೆಗೂ ನಮ್ಮನ್ನು ಮಲಗೋಕೆ ಬಿಡಲಿಲ್ಲ.

ಬೆಳಿಗ್ಗೆ ಎದ್ದವರೇ ಆ ಹೊಲಕ್ಕೆ ಹೋದೆವು. ನಿನ್ನೆ ಬಾಯಿ ತೆರೆದಿದ್ದ ನೆಲ ಇವತ್ತು ಒಂದೇ ಸಮ. ಬಿರುಕು ಇದ್ದ ಜಾಗದಲ್ಲಿ ಬೆರಳಿನಿಂದ ಮೇಲಿನ ಒದ್ದೆ ಮಣ್ಣು ಸರಿಸಿ ಕೋಲು ಇಟ್ಟೆ. ಅಜ್ಜ ಹೇಳಿದ ಹಾಗೆಯೇ ಸರ್ರ್ ಅಂತ ಇಳಿಯಿತು. ಒಳಗೆಲ್ಲ ಖಾಲಿ. ನನಗೆ ಈ ಇಡೀ ತಿರುಗಾಟದಲ್ಲಿ ತುಂಬ ಖುಷಿ ಕೊಟ್ಟ ಗಳಿಗೆ ಇದು. ಮೇಲಿನಿಂದ ಫೋಟೋ ತೆಗೆದು ಬಿರುಕು ಮುಚ್ಚಿದ ದಿನ ಅಂತ ಬರೆದುಕೊಂಡರೆ ಲೆಕ್ಕವೆಲ್ಲ ಹಾಳು. ಮಳೆ ಮಾಪಕದ ಅಂಕಿಯೂ ಇಷ್ಟು ಬಿತ್ತು ಅಂತ ಹೇಳುತ್ತದೆ, ನೀರು ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ. ಕೋಲು ಹಾಕಿಯೇ ನೋಡಬೇಕು.

ಅದೇ ದಿನ ಮುಂದಕ್ಕೆ: ಬಾದಾಮಿ, ಮುಧೋಳ

ಬಾದಾಮಿ ಹತ್ತಿರ ಬಂದಂತೆ ನೆಲವೇ ಬದಲು. ಕೆಂಪು ಮರಳುಗಲ್ಲಿನ ಗುಡ್ಡ, ಕೆಂಪು ಮಸಾರಿ ಮಣ್ಣು. ಆಸಿಡ್ ಹಾಕಿದರೆ ನೊರೆ ಇಲ್ಲ, ಪಟ್ಟಿ ಮಾಡೋಕೆ ಹೋದರೆ ಪುಡಿ ಪುಡಿ, ಬಿರುಕು ಅನ್ನುವುದೇ ಇಲ್ಲ. ಮಳೆ ವಿಜಯಪುರಕ್ಕಿಂತ ದೊಡ್ಡ ಬೇರೆಯೇನಲ್ಲ. ಇಲ್ಲಿ ವ್ಯತ್ಯಾಸ ಮಾಡಿದ್ದು ಕಲ್ಲು. ಆದರೆ ಗುಡ್ಡ ಇಳಿದು ಮಲಪ್ರಭೆ ಕಡೆ ಹೋದರೆ ಮತ್ತೆ ಎರೆ. ಬನಶಂಕರಿಯಲ್ಲಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಅಕ್ಕಂದಿರ ಹತ್ತಿರ ರೊಟ್ಟಿ, ಎಣಗಾಯಿ, ಗುರೆಳ್ಳು ಹಿಂಡಿ, ಕುಡಿಕೆಯಲ್ಲಿ ಮೊಸರು. "ತಮ್ಮಾ, ಇನ್ನೊಂದು ಹಾಕ್ಕೋ" ಅಂತ ಹಾಕುತ್ತಲೇ ಹೋದರು. ಮಸಾರಿಯ ಜೋಳವಾ ಎರೆಯ ಜೋಳವಾ ಅಂತ ಕೇಳಿದೆ. "ಎರಿದು. ಮಸಾರ್ಯಾಗ ಸಜ್ಜಿ ಚಲೋ" ಅಂದರು.

ಮುಧೋಳದಲ್ಲಿ ಜಾಸ್ತಿ ನಿಲ್ಲಲಿಲ್ಲ. ಎಲ್ಲಿ ನೋಡಿದರೂ ಕಬ್ಬು. ಬಿರುಕಿನ ದಿನ ಎಣಿಸುವಾಗ ನೀರಾವರಿ ಇಲ್ಲದ ಹೊಲ ಹಿಡಿಯಬೇಕು ಅಂತ ನಿಯಮವೇ ಇದೆ, ಹಾಗಾಗಿ ನಮ್ಮ ಲೆಕ್ಕಕ್ಕೆ ಇಲ್ಲಿನ ಹೊಲಗಳು ಬರುವುದಿಲ್ಲ. ಆದರೂ ಕಾಲುವೆ ಕೆಳಗಿನ ತಗ್ಗಿನಲ್ಲಿ ಸವಳು-ಜವಳಾಗಿ ಬಿದ್ದ ನೆಲ ನೋಡಿ ಬೇಜಾರಾಯಿತು. ಇಷ್ಟು ಜೇಡಿ ಇರುವ ಮಣ್ಣಿನಲ್ಲಿ ನೀರು ಬಸಿಯುವುದು ಬಹಳ ನಿಧಾನ. ಬಸಿಗಾಲುವೆ ಇಲ್ಲದೆ ನೀರು ಬಿಡುತ್ತ ಹೋದರೆ ಉಪ್ಪು ಮೇಲಕ್ಕೇ ಬರುತ್ತದೆ. ಮಣ್ಣಿನ ವರದಿಯಲ್ಲಿ ಇದನ್ನು ಬರೆದಿರುತ್ತಾರೆ, ಓದಿ ಹೇಳುವವರು ಬೇಕು. ರಾತ್ರಿ ಗೋಕಾಕದಲ್ಲಿ ಉಳಿದು, ಮನೆಗೆ ಕರದಂಟು ಕಟ್ಟಿಸಿಕೊಂಡೆವು.

ಕೊನೆಯ ದಿನ: ಬೈಲಹೊಂಗಲ, ಖಾನಾಪುರ

ಯರಗಟ್ಟಿ ಮೇಲೆ ಬೈಲಹೊಂಗಲ. ಗಾಳಿಯೇ ಬೇರೆ, ಬೆಳಿಗ್ಗೆ ಸ್ವಲ್ಪ ತಂಪು. ಮತ್ತೆ ಕಪ್ಪು ನೆಲ, ಮತ್ತೆ ಒಂದು ಹೊಸ ಹೊಂಡ. ಇಲ್ಲಿಯೂ ಹೊಳೆಯುವ ಮೈ ಸಿಕ್ಕಿತು, ಪಟ್ಟಿಯೂ ಬಂತು. ವರ್ಟಿಸಾಲ್ ಅನ್ನುವುದಕ್ಕೆ ಅನುಮಾನ ಇಲ್ಲ. ಆದರೆ ಬಿರುಕು ಕಿರಿದು. ಆಸಿಡ್ ಹಾಕಿದರೆ ಮೇಲೆ ಸಣ್ಣಗೆ ಗುಳ್ಳೆ, ಜೋರಾಗಿ ನೊರೆ ಬಂದದ್ದು ಸೊಂಟದಾಳದಲ್ಲಿ. ಸುಣ್ಣ ಕೆಳಗೆ ಇಳಿದಿದೆ ಅಂದರೆ ನೀರು ಅಷ್ಟು ಕೆಳಗೆ ಹೋಗುತ್ತಿದೆ.

ಗೆಳೆಯ ಹೇಳಿದ, ಇಲ್ಲಿನ ಒಟ್ಟು ಮಳೆ ವಿಜಯಪುರಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಜೂನ್‌ನಿಂದಲೇ ಹಂಚಿಕೊಂಡು ಬೀಳುತ್ತದೆ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ವಿಜಯಪುರ ಉತ್ತರ ಒಣ ವಲಯ, ಬೈಲಹೊಂಗಲ ಉತ್ತರ ಪರಿವರ್ತನಾ ವಲಯ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಅಕ್ಕನನ್ನು ಕೇಳಿದೆವು. "ಮುಂಗಾರಿಗೆ ಸೋಯಾ, ಹೆಸರು ತಗೊಂಡು ಹಿಂಗಾರಿಗೆ ಕಡ್ಲಿ, ಜ್ವಾಳ ಹಾಕತೀವ್ರೀ. ಸೀಳು ಬೀಳೂದು ಸಂಕ್ರಮಣ ಆಗಿ ಹದಿನೈದು ದಿನಕ್ಕ. ಮಿರಗ ಚಲೋ ಆದ್ರ ಮುಚ್ಚಿಬಿಡತಾವ."

ಫೆಬ್ರವರಿ ಮೊದಲಿಂದ ಜೂನ್ ನಡುವಿನವರೆಗೆ ಎಣಿಸಿದರೆ 150ಕ್ಕೆ ಒಳಗೆ. ಒಂದೇ ಕಪ್ಪು, ಒಂದೇ ಥರ ಹೊಳಪು, ಆದರೆ ಒಂದು ಹೊಲ ಮುಂಗಾರಿನಲ್ಲಿ ಖಾಲಿ ಮಲಗುತ್ತದೆ, ಇನ್ನೊಂದು ಎರಡು ಬೆಳೆ ಕೊಡುತ್ತದೆ. ನಾನು ಜಗಳ ಆಡುವುದು ಇದಕ್ಕೇ. ಗೊಬ್ಬರದ ಶಿಫಾರಸು, ಬಿತ್ತನೆ ತಾರೀಖು, ತಳಿ, ಎಲ್ಲವನ್ನೂ 'ಕಪ್ಪು ಮಣ್ಣಿಗೆ' ಅಂತ ಒಂದೇ ಸಾಲಿನಲ್ಲಿ ಅಚ್ಚು ಹಾಕಿ ಕೊಟ್ಟರೆ ಇಬ್ಬರಲ್ಲಿ ಒಬ್ಬರು ನಷ್ಟ ಅನುಭವಿಸುತ್ತಾರೆ.

ಬೆಳಗಾವಿಯಲ್ಲಿ ಕುಂದಾ ತಿಂದು ಖಾನಾಪುರಕ್ಕೆ ಹೋದದ್ದು ಎರೆ ಎಲ್ಲಿ ಮುಗಿಯುತ್ತದೆ ಅಂತ ನೋಡೋಕೆ. ಊರು ದಾಟಿದ ಮೇಲೆ ರಸ್ತೆ ಬದಿಯ ಕಡಿತಗಳೆಲ್ಲ ಕೆಂಪು, ಕೆಂಪಿನೊಳಗೆ ಜಂಬಿಟ್ಟಿಗೆ ಕಲ್ಲು. ಆಸಿಡ್ ಬಾಟಲಿ ಮುಚ್ಚಿ ಚೀಲದೊಳಗಿಟ್ಟೆ, ಇಲ್ಲಿ ಸುಣ್ಣ ಹುಡುಕುವುದು ದಂಡ. ಪಶ್ಚಿಮ ಘಟ್ಟದ ಮಳೆ ಅದನ್ನು ಎಂದೋ ತೊಳೆದು ಒಯ್ದಿದೆ, ಮಣ್ಣು ಹುಳಿ.

ಚೀಲಗಳ ಮೇಲೂ ಒಳಗೂ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಹಾಕಿದ್ದೆವು, ಪೆನ್ನಾದರೆ ತೇವಕ್ಕೆ ಹರಡಿಹೋಗುತ್ತದೆ. ಮಾದರಿಗಳು ಈಗ ಲ್ಯಾಬಿನಲ್ಲಿವೆ. ಡೋಣಿ ದಂಡೆಯ ಹೊಂಡಕ್ಕೆ ಏರಿಡಿಕ್ ಹ್ಯಾಪ್ಲಸ್ಟರ್ಟ್ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ, ಜೇಡಿಯ ಅಂಕಿ ಬಂದ ಮೇಲೆ ಖಚಿತ ಮಾಡುತ್ತೇನೆ. ಬೈಲಹೊಂಗಲದ್ದು ಯೂಡಿಕ್ಕಾ ಟಿಪಿಕ್ಕಾ ಅಂತ ನಮ್ಮಿಬ್ಬರಲ್ಲೇ ಇನ್ನೂ ಒಪ್ಪಿಗೆ ಆಗಿಲ್ಲ. ಒಬ್ಬರ ಮಾತಿನ ಮೇಲೆ ಬರೆಯುವುದು ಬೇಡ ಅಂತ ಗೆಳೆಯ ಮೂವತ್ತು ವರ್ಷದ ಮಳೆ ದಾಖಲೆ ತೆಗೆದು ಕೂತಿದ್ದಾನೆ. ಮಿರಗ ಬಿದ್ದ ಮೇಲೆ ನಾನು ಅಲ್ಲಿಗೆ ಇನ್ನೊಮ್ಮೆ ಹೋಗುತ್ತೇನೆ. ಹೊಲದ ನಾಲ್ಕು ಕಡೆ ಕೋಲು ಇಳಿಸಿ ಎಷ್ಟು ಆಳ ಮುಚ್ಚಿದೆ ಅಂತ ಅಳೆಯಬೇಕು.